ನಿಂತ ಟ್ರೇಲರ್‌ಗೆ ಗುದ್ದಿದರೆ ತಪ್ಪು ಯಾರದ್ದು?

ಸರಸ್ವತಿಪುರಂ, ಮೈಸೂರು

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಉಭಯ ಕುಶಲೋಪರಿ ಸಾಂಪ್ರತ ಎಂದು ಬರೆಯುವುದು ವಾಡಿಕೆ. ಈ ಸಲ ಕುಶಲವಿಲ್ಲವೆಂದು ನಿನ್ನೆ ನಿನ್ನ ತಾಯಿಯ ಫೋನಿನಿಂದಲೇ ತಿಳಿಯಿತು. ಕಬ್ಬು ತುಂಬಿದ ಟ್ರೇಲರ್ ಪಂಕ್ಚರ್ ಆಗಿ ಸರ್ವಿಸ್ ರಸ್ತೆಯಲ್ಲಿ ನಿಂತಿತ್ತು, ರಾತ್ರಿ ಬೈಕಿನ ಹುಡುಗನೊಬ್ಬ ಹಿಂದಿನಿಂದ ಗುದ್ದಿ ಕಾಲು ಮುರಿದುಕೊಂಡ ಎಂದಳು. "ಕಂಬಕ್ಕೆ ಗುದ್ದಿದವನು ಕಂಬದ ಮೇಲೆ ದೂರು ಕೊಡುತ್ತಾನೇನು?" ಎಂದು ನನ್ನನ್ನೇ ಕೇಳಿದಳು. ಅಕ್ಕನ ಬಾಯಿಗೆ ನಾನು ಯಾವತ್ತೂ ಎದುರಾಡಿದವನಲ್ಲ, ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ.

ಕಂಬ ನಿಂತಿರುವುದು ರಸ್ತೆಯ ಪಕ್ಕದಲ್ಲಿ. ನಿನ್ನ ಟ್ರೇಲರ್ ನಿಂತಿದ್ದು ರಸ್ತೆಯ ಮೇಲೆ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಟ್ರ್ಯಾಕ್ಟರ್, ಬೈಕ್, ಆಟೊ ಯಾವುದನ್ನೂ ಬಿಡುತ್ತಿಲ್ಲ. ಎಲ್ಲವೂ ಆ ಸರ್ವಿಸ್ ರಸ್ತೆಯಲ್ಲೇ ನುಗ್ಗಬೇಕು. ಅಲ್ಲಿ ಕತ್ತಲೆಯಲ್ಲಿ ದೀಪವಿಲ್ಲದ ಕಬ್ಬಿನ ಹೇರು ನಿಂತರೆ ಕಾಣುವುದಾದರೂ ಹೇಗೆ? ಹಿಂದೆ ಕೆಂಪು ಪ್ರತಿಫಲಕ ಅಂಟಿಸಿದ್ದೇನೆ ಎನ್ನುತ್ತೀಯ. ಸಂಕ್ರಾಂತಿಗೆ ಬಂದಾಗ ನಾನೇ ನೋಡಿದ್ದೇನೆ, ಹೇರಿದ ಕಬ್ಬಿನ ಸೋಗೆ ಹಿಂದೆ ಒಂದು ಮೊಳ ಇಳಿಬಿದ್ದು ಆ ಪಟ್ಟಿಯನ್ನು ಪೂರ್ತಿ ಮುಚ್ಚಿತ್ತು. ಚಕ್ರಕ್ಕೆ ಕೊಟ್ಟ ಕಲ್ಲು, ಸಿಕ್ಕಿಸಿದ ಹೊಂಗೆ ಕೊಂಬೆ, ಇವು ನ್ಯಾಯಾಲಯದಲ್ಲಿ ಎಚ್ಚರಿಕೆಯ ದೀಪ ಎನಿಸಿಕೊಳ್ಳುವುದಿಲ್ಲ.

ಮಂಡ್ಯದಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತನಾಗಿ ಎಷ್ಟೋ ವರ್ಷ ಇಂಥ ಕಡತಗಳನ್ನು ಹೊತ್ತವನು ನಾನು. ಯಾರು ಯಾರಿಗೆ ಗುದ್ದಿದರು ಎಂಬಲ್ಲಿಗೇ ವಿಚಾರಣೆ ಮುಗಿಯುವುದಿಲ್ಲ. ಯಾರು ಎಷ್ಟು ಎಚ್ಚರ ವಹಿಸಬೇಕಿತ್ತು, ಎಷ್ಟು ವಹಿಸಿದರು ಎಂದು ತೂಗುತ್ತಾರೆ. ಆ ಹುಡುಗ ವೇಗವಾಗಿ ಬಂದಿದ್ದರೆ ಅವನ ಪಾಲಿನ ತಪ್ಪಿಗೆ ತಕ್ಕಂತೆ ಅವನ ಪರಿಹಾರದಲ್ಲಿ ಕಡಿತವಾಗುತ್ತದೆ; ಉಳಿದ ಪಾಲು ನಿನ್ನದು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಆಳು, ನಾನು ಊರಲ್ಲೇ ಇರಲಿಲ್ಲ ಎಂಬ ಮಾತೂ ನಡೆಯುವುದಿಲ್ಲ. ನಿನ್ನ ಕೆಲಸದ ಮೇಲೆ ಹೋದವನ ಅಜಾಗರೂಕತೆಗೆ ಪರಿಹಾರ ಕೊಡಬೇಕಾದವನು ನೀನೇ.

ಇನ್ನು ವಿಮೆ. ಟ್ರ್ಯಾಕ್ಟರ್‌ಗೆ ಕಟ್ಟಿದ್ದೀಯ, ಸರಿ. ಟ್ರೇಲರ್‌ಗೆ? ಕಾನೂನಿನ ಕಣ್ಣಿಗೆ ಅದೂ ಒಂದು ವಾಹನ. ಪಾಲಿಸಿಯಲ್ಲಿ ಕೃಷಿ ಬಳಕೆ ಎಂದು ಬರೆಸಿ ಪಕ್ಕದೂರಿನವರ ಕಬ್ಬನ್ನು ಬಾಡಿಗೆಗೆ ಹೊಡೆಯುತ್ತಿದ್ದರೆ, ಷರತ್ತು ಮುರಿದಿದ್ದಾನೆ ಎಂದು ಕಂಪನಿ ಖಂಡಿತ ತಕರಾರು ಎತ್ತುತ್ತದೆ. ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದು ನ್ಯಾಯಾಲಯ ಹೇಳಿದರೆ ಕಂಪನಿ ಬಂದು ನಿಲ್ಲುವುದು ನಿನ್ನ ಬಾಗಿಲಿಗೇ.

ಊರಿನ ಹಿರಿಯರು ಇಪ್ಪತ್ತು ಸಾವಿರಕ್ಕೆ ರಾಜಿ ಮಾಡಿಸಿ ಬಿಳಿ ಹಾಳೆಯಲ್ಲಿ ಬರೆಸಿಕೊಡುತ್ತಾರಂತೆ. ಕೊಡುವ ಮನಸ್ಸಿದ್ದರೆ ಆಸ್ಪತ್ರೆಯ ಖರ್ಚಿಗೆಂದು ಕೊಡು, ಆ ಹಾಳೆಯನ್ನು ಮಾತ್ರ ನೆಚ್ಚಿಕೊಳ್ಳಬೇಡ. ಪೊಲೀಸ್ ಪ್ರಕರಣ ಅದರಿಂದ ಮುಚ್ಚಿಹೋಗುವುದಿಲ್ಲ. ಪರಿಹಾರದ ರಾಜಿಯನ್ನು ಲೋಕ ಅದಾಲತ್‌ನಲ್ಲಿ ಮಾಡಿಕೊಂಡರೆ ಅದು ನ್ಯಾಯಾಲಯದ ತೀರ್ಪಿನಷ್ಟೇ ಗಟ್ಟಿ, ಮೇಲ್ಮನವಿಯೂ ಇರುವುದಿಲ್ಲ. ಅಪಘಾತವಾದ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಆ ಗಡುವು ಮುಗಿದಿದ್ದರೂ ಈ ಪತ್ರ ಓದಿದ ತಕ್ಷಣ ಆಳನ್ನು ಕರೆದುಕೊಂಡು ಹೋಗು. ವಿಮಾ ಕಂಪನಿಗೂ ತಿಳಿಸು. ಆಳಿಗೆ ಲೈಸೆನ್ಸ್ ಇಲ್ಲವೆಂದು ನಿನ್ನ ಚಿಕ್ಕಪ್ಪನನ್ನು ಚಾಲಕನೆಂದು ತೋರಿಸುವ ಮಾತು ಮನೆಯಲ್ಲಿ ಎದ್ದಿದೆಯಂತೆ. ಬೇಡ. ಪಾಟೀಸವಾಲಿನಲ್ಲಿ ಎರಡನೆಯ ಪ್ರಶ್ನೆಗೇ ಬಾಯಾರಿ ನೀರು ಕೇಳಿದ ಇಂಥ ಚಾಲಕರನ್ನು ನಾನು ಕಂಡಿದ್ದೇನೆ.

ನನ್ನದೂ ಒಂದು ಪೆದ್ದತನ ಹೇಳುತ್ತೇನೆ. ಹಳೆಯ ಸ್ಕೂಟರನ್ನು ಮಾರಿದಾಗ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿ, ಉಳಿದದ್ದನ್ನು ಕೊಂಡವನೇ ತುಂಬಿಕೊಳ್ಳಲಿ ಎಂದು ಕೊಟ್ಟು ಬಂದೆ. ಅವನು ತುಂಬಲಿಲ್ಲ. ಒಂದೂವರೆ ವರ್ಷದ ಮೇಲೆ ಯಾರೋ ಮುದುಕಿಗೆ ಗುದ್ದಿದ. ನೋಟಿಸು ಬಂದದ್ದು ನನ್ನ ಹೆಸರಿಗೆ! ದಿನವೂ ಅದೇ ಕಾಗದಗಳ ನಡುವೆ ಕೂತವನಿಗೆ ಈ ಗತಿ. ನಮ್ಮ ವಕೀಲರು ಒಂದು ವಾರ ನನ್ನ ಮುಖ ನೋಡಿ ನಗುತ್ತಿದ್ದರು. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಕೂಡ ಹೇಳಿದೆ. ನೀನು ಗೆಳೆಯನಿಗೆ ಕೊಟ್ಟ ಬೈಕ್ ಯಾರ ಹೆಸರಿನಲ್ಲಿದೆ, ವಿಚಾರಿಸು.

ಇನ್ನೆರಡು ಮಾತು. ನಿನ್ನ ತಮ್ಮನಿಗೆ ಹದಿನೆಂಟು ತುಂಬುವವರೆಗೆ ಬೈಕಿನ ಕೀಲಿ ಅವನ ಕೈಗೆ ಸಿಗಬಾರದು. 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವರ್ಷಕಾಲ ವಾಹನದ ನೋಂದಣಿಯೂ ರದ್ದು. ನಿನ್ನ ತಾಯಿ ಡಾಂಬರು ರಸ್ತೆಗೆ ಹುರುಳಿ ಹರವುವುದನ್ನು ಈ ವರ್ಷವಾದರೂ ನಿಲ್ಲಿಸಲಿ. ಒಕ್ಕಣೆಗೆ ಕಣ ಸಿಗುತ್ತಿಲ್ಲ ಎಂಬ ಕಷ್ಟ ನನಗೂ ಗೊತ್ತು. ಆದರೆ ಆ ಹೊಟ್ಟಿನ ಮೇಲೆ ಬೈಕು ಜಾರಿದರೆ ಅದೂ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಇದನ್ನು ಅವಳಿಗೆ ನೀನೇ ಹೇಳು, ನನ್ನ ಹೆಸರು ಎತ್ತಬೇಡ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಟ್ರ್ಯಾಕ್ಟರ್, ಟ್ರೇಲರ್ ಎರಡರ ಕಾಗದಗಳನ್ನೂ ತೆಗೆದಿಟ್ಟಿರು. ಮಧ್ಯಾಹ್ನ ಇಬ್ಬರೂ ಆ ಹುಡುಗನನ್ನು ನೋಡಿಕೊಂಡು ಬರೋಣ. ಅಂದಹಾಗೆ, ಚಕ್ರಕ್ಕೆ ಕೊಟ್ಟಿದ್ದ ಕಲ್ಲುಗಳನ್ನು ಆ ರಾತ್ರಿ ರಸ್ತೆಯಲ್ಲೇ ಬಿಟ್ಟು ಬಂದಿರಂತೆ. ಪೊಲೀಸರ ಮಹಜರು ಮುಗಿದಿದ್ದರೆ ಕತ್ತಲಾಗುವ ಮೊದಲೇ ಹೋಗಿ ಅವನ್ನು ಎತ್ತಿಹಾಕು.

ಇಂತು ನಿನ್ನ ಮಾವ