ಕರ್ನೂಲಿನಲ್ಲಿ ಗೆದ್ದ ಲೇಸರ್‌ ಕಾರವಾರದ ಮಳೆಗಾಲಕ್ಕೂ ಬರಲಿ: ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ,

2025ರ ಏಪ್ರಿಲ್ 13ರಂದು ಕರ್ನೂಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ 30 ಕಿಲೋವ್ಯಾಟ್ ಲೇಸರ್ ಡ್ರೋನುಗಳನ್ನು ಹೊಡೆದುರುಳಿಸಿತು. ಲೇಸರ್ ಅಸ್ತ್ರಗಳನ್ನು ರೂಪಿಸುವ ಅದರ ಹೈದರಾಬಾದಿನ ‘ಚೆಸ್’ ಪ್ರಯೋಗಾಲಯದ ಜತೆ ಬೆಂಗಳೂರಿನ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಕೂಡ ದುಡಿದ ಫಲವಿದು, ಅಭಿನಂದನೆಗಳು. ಆದರೆ ದೊಡ್ಡ ಖರೀದಿಗೆ ಸಹಿ ಬೀಳುವ ಮುನ್ನ ಇದೇ ಯಂತ್ರವನ್ನು ಜುಲೈನಲ್ಲಿ ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬಕ್ಕೆ ತಂದು ಪರೀಕ್ಷಿಸಿ ಎಂದು ಕೋರುತ್ತೇವೆ.

ಏಪ್ರಿಲ್‌ನ ಕರ್ನೂಲಿನಲ್ಲಿ ಕಾದ ನೆಲದ ಮೇಲೆ ಗಾಳಿ ನಡುಗುತ್ತದೆ, ಅದೂ ಕಷ್ಟವೇ. ಆದರೆ ಅಲ್ಲಿ ಕಡಲ ತೇವವಿಲ್ಲ, ಉಪ್ಪಿಲ್ಲ, ಜಡಿಮಳೆಯಿಲ್ಲ. 1 ಮೈಕ್ರಾನ್ ತರಂಗಾಂತರದ ಕಿರಣವನ್ನು 30 ಸೆಂ.ಮೀ. ಕನ್ನಡಿಯಿಂದ 2 ಕಿ.ಮೀ. ಆಚೆಗೆ ಬಿಟ್ಟರೆ ಅಲ್ಲಿ ಬೀಳುವ ಚುಕ್ಕೆ, ಎಲ್ಲವೂ ಸರಿಯಿದ್ದಾಗ, 2 ಸೆಂ.ಮೀ. ಆಸುಪಾಸಿನದು. ಕಿರಣದ ದಿಕ್ಕು 10 ಮೈಕ್ರೋರೇಡಿಯನ್, ಅಂದರೆ ಒಂದು ಡಿಗ್ರಿಯ ಸಾವಿರದ ಒಂದು ಭಾಗಕ್ಕಿಂತ ಕಡಿಮೆ, ಅಲುಗಿದರೂ ಚುಕ್ಕೆ 2 ಸೆಂ.ಮೀ. ಸರಿದುಬಿಡುತ್ತದೆ. ರೆಕ್ಕೆ ಸುಡಬೇಕಾದರೆ ಅದು ಒಂದೇ ಜಾಗದಲ್ಲಿ ಕೆಲವು ಸೆಕೆಂಡು ನಿಲ್ಲಬೇಕು. ಚುಕ್ಕೆಯ ವ್ಯಾಸ ಮೂರು ಪಟ್ಟಾದರೆ ತೀವ್ರತೆ ಒಂಬತ್ತನೇ ಒಂದಕ್ಕೆ ಇಳಿಯುತ್ತದೆ.

ಹನಿ ಮತ್ತು ಮಂಜು ಕಿರಣವನ್ನು ಚದುರಿಸುತ್ತವೆ. ಉಳಿದದ್ದು ತನ್ನ ದಾರಿಯ ಗಾಳಿಯನ್ನೇ ಕಾಯಿಸುತ್ತದೆ, ಕಾದ ಗಾಳಿ ಕಿರಣವನ್ನು ಇನ್ನಷ್ಟು ಹರಡಿಸುತ್ತದೆ. ಗಾಳಿ ಬೀಸದೆ, ಡ್ರೋನ್ ನೆಟ್ಟಗೆ ಎದುರಿಗೇ ಬರುವಾಗ ಇದು ವಿಪರೀತ. 100 ಕಿಲೋವ್ಯಾಟ್‌ಗೆ ಏರಿಸಿದರಾಯಿತು ಎನ್ನುವವರಿಗೆ ಒಂದು ಮಾತು: ಶಕ್ತಿ ಏರಿದಷ್ಟೂ ಈ ಕಾಟವೂ ಏರುತ್ತದೆ. ಹೊರಗಾಜಿನ ಮೇಲೆ ಕೂತ ಉಪ್ಪಿನ ಕಣ ಕಾದು ಗಾಜಿನ ಲೇಪನವನ್ನು ಸುಡುವುದು ಬೇರೆ.

ಶಾಖದ ಲೆಕ್ಕ ಇದಕ್ಕಿಂತ ನಿರ್ದಯ. ಇಂಥ ಲೇಸರ್‌ ನುಂಗುವ ವಿದ್ಯುತ್ತಿನಲ್ಲಿ ಕಿರಣವಾಗುವುದು ಸುಮಾರು ಮೂರನೇ ಒಂದು ಭಾಗ. 30 ಕಿಲೋವ್ಯಾಟ್ ಹೊರಬರಲು 90 ಒಳಗೆ ಹೋಗಬೇಕು. ಮಿಕ್ಕ 60 ಕಿಲೋವ್ಯಾಟ್ ಶಾಖವನ್ನು ಚಿಲ್ಲರ್ (ತಂಪು ಮಾಡುವ ಯಂತ್ರ) ಹೊರದಬ್ಬಬೇಕು. ಅಮೆರಿಕದ ಸೇನೆ ಸ್ಟ್ರೈಕರ್ ಯುದ್ಧವಾಹನದ ಮೇಲೆ 50 ಕಿಲೋವ್ಯಾಟ್ ಲೇಸರ್ ಕೂರಿಸಿ ಎಡವಿದ್ದು ಇಲ್ಲೇ: ಓಡಾಡುವ ವಾಹನದಲ್ಲಿ ಶಾಖ ಹೊರಹಾಕುವುದು, ಎಲೆಕ್ಟ್ರಾನಿಕ್ ಸಾಮಗ್ರಿಯ ಪ್ರಮಾಣ, ವಾಹನದ ಸವೆತ ಎಲ್ಲವೂ ಕಷ್ಟವಾಗಿವೆ ಎಂದು ಅದರ ಖರೀದಿ ಮುಖ್ಯಸ್ಥರೇ 2024ರಲ್ಲಿ ಒಪ್ಪಿಕೊಂಡರು. ಹೀಗಾಗಿ ಮೊದಲ ಡ್ರೋನ್ ಬಿದ್ದ ವಿಡಿಯೊ ಸಾಲದು. ಬಿಡುವಿಲ್ಲದೆ ಹತ್ತು ಬಂದರೆ ಹತ್ತನೆಯದಕ್ಕೆ ಎಷ್ಟು ಸೆಕೆಂಡು ಹಿಡಿಯಿತು, ನಡುವೆ ಎಷ್ಟು ಹೊತ್ತು ತಣಿಸಬೇಕಾಯಿತು? ಒಂದು ಹೊಡೆತಕ್ಕೆ ಪುಡಿಗಾಸು ಎಂಬ ಪ್ರಚಾರ ಡೀಸೆಲ್ ಖರ್ಚನ್ನಷ್ಟೇ ಎಣಿಸುತ್ತದೆ.

ಕೊನೆಯದು ಕಣ್ಣಿನ ವಿಷಯ. ಈ ಕಿರಣ ಕಾಣುವುದಿಲ್ಲ, ಹಾಗಾಗಿ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಡ್ರೋನಿನ ಹೊಳೆಯುವ ಮೈಯಿಂದ ಚಿಮ್ಮಿ ಬಂದದ್ದೂ ಅಕ್ಷಿಪಟವನ್ನು ಸುಡಬಲ್ಲದು. ಕುರುಡಾಗಿಸುವ ಲೇಸರ್‌ಗಳನ್ನು ನಿಷೇಧಿಸಿದ 1995ರ ಒಪ್ಪಂದಕ್ಕೆ ಭಾರತವೂ ಸೇರಿದೆ. ಬೇರೆ ಲೇಸರ್ ಬಳಸುವಾಗಲೂ ಯಾರೂ ಶಾಶ್ವತವಾಗಿ ಕುರುಡಾಗದಂತೆ ಸಾಧ್ಯವಿರುವ ಎಲ್ಲ ಎಚ್ಚರ ವಹಿಸಬೇಕೆಂದು ಅದು ಹೇಳುತ್ತದೆ. ಕಾರವಾರದಲ್ಲಿ ಪರೀಕ್ಷೆಗೆ ಮುನ್ನ ಮೀನುಗಾರಿಕೆ ದೋಣಿಗಳು ಎಷ್ಟು ಮೈಲಿ ದೂರವಿರಬೇಕು ಎಂಬುದನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ಬಂದರಿನ ಫಲಕಕ್ಕೆ ಹಾಕಿಸಿ. ಫಲಿತಾಂಶವನ್ನು, ಸೋತ ಪ್ರಯತ್ನಗಳ ಸಮೇತ, ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದಿಡಿ.

ಇಂತಿ,
ಲೇಸರ್ ಮತ್ತು ದೃಗ್ವಿಜ್ಞಾನ ಕ್ಷೇತ್ರದ ಕೆಲವು ಎಂಜಿನಿಯರುಗಳು