ಶನಿವಾರ ಬಿಡುವಿದ್ದರೆ ಆಡೋಣ ಬಾ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ‘ಈಗಲೂ ಗೇಮ್ ಆಡ್ತೀಯೇನೋ?’ ಅಂತ ಕೇಳಿದೆ. ಅಷ್ಟರಲ್ಲಿ ನಿನಗೆ ಮೀಟಿಂಗ್ ಶುರುವಾಯಿತು, ಮಾತು ಅಲ್ಲಿಗೇ ನಿಂತಿತು. ಉತ್ತರ ಸ್ವಲ್ಪ ಉದ್ದ ಇದೆ ಮಾರಾಯ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಓರಗೆಯ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ತಾನೇ?

ಈ ಪ್ರಶ್ನೆ ಯಾರನ್ನು ಕೇಳಿದರೂ ‘ದೊಡ್ಡವರಾದ್ವಿ’ ಅನ್ನುತ್ತಾರೆ, ಇಲ್ಲಾಂದ್ರೆ ‘ಟೈಮ್ ಎಲ್ಲಿ’ ಅನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ.

ಶಿವಮೊಗ್ಗದ ನಿಮ್ಮ ಮನೆಯ ಟಿವಿಯಿಂದಲೇ ಶುರು ಮಾಡುತ್ತೇನೆ. ಗೇಮ್ ಹಾಕಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಅಂತ ನಿಮ್ಮಪ್ಪನಿಗೆ ಭಯ. ಅವರು ಆಫೀಸಿಗೆ ಹೋದ ಮೇಲೆಯೇ ನಮ್ಮ ಕಾಂಟ್ರಾ, ಇಬ್ಬರು ಒಟ್ಟಿಗೆ ಗುಂಡು ಹಾರಿಸುತ್ತಾ ಆಡುವ ವಿಡಿಯೋ ಗೇಮ್. ಅದರ ಮೂರನೇ ಸ್ಟೇಜ್ ಜಲಪಾತ ನೆನಪಿದೆಯಾ? ಕಲ್ಲಿನಿಂದ ಕಲ್ಲಿಗೆ ಹಾರಿ ಮೇಲೆ ಹತ್ತಬೇಕು. ಒಬ್ಬ ಮುಂದೆ ಹತ್ತಿದರೆ ಸ್ಕ್ರೀನೂ ಅವನ ಜೊತೆಗೇ ಮೇಲೆ ಸರಿಯುತ್ತಿತ್ತು, ಕೆಳಗೆ ಉಳಿದವನು ಸತ್ತೇ ಹೋಗುತ್ತಿದ್ದ. ಗುಂಡು ಹಾರಿಸುವುದರಲ್ಲಿ ಎಷ್ಟೇ ಚುರುಕಾಗಿದ್ದರೂ ಅಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ‘ನಿಲ್ಲು, ನಿಲ್ಲು, ಈಗ ಹಾರು’ ಅಂತ ಕೂಗುತ್ತಾ ಒಟ್ಟಿಗೆ ಹತ್ತಬೇಕಿತ್ತು. ನಿಮ್ಮಮ್ಮ ಒಳಗಿನಿಂದ ‘ಏನ್ರೋ ಅದು ಗಲಾಟೆ’ ಅಂತ ಬೈಯುತ್ತಿದ್ದದ್ದೂ ಆ ಸ್ಟೇಜಿಗೇ.

ಆಮೇಲೆ ಹಾಸ್ಟೆಲ್. ಎಲ್ಲರೂ ದುಡ್ಡು ಹಾಕಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಒಂದು ನೆಟ್‌ವರ್ಕ್ ಸ್ವಿಚ್ ತಂದೆವು. ವೆಂಟಿಲೇಟರ್ ಕಿಂಡಿಯಿಂದ ಕೇಬಲ್ ತೂರಿಸಿ ರೂಮಿಂದ ರೂಮಿಗೆ ಎಳೆದೆವು. ಊಟ ಆದ ಮೇಲೆ ಏಜ್ ಆಫ್ ಎಂಪೈರ್ಸ್ 2. ಮೂರು ಹಳ್ಳಿಗರು, ಒಬ್ಬ ಸ್ಕೌಟ್, ಅಷ್ಟರಿಂದ ರಾಜ್ಯ ಕಟ್ಟಬೇಕು. ಕುರಿ ಹುಡುಕಿ, ಕಾಡುಹಂದಿಯನ್ನು ಟೌನ್ ಸೆಂಟರ್ ತನಕ ಓಡಿಸಿಕೊಂಡು ಬಂದು, 500 ಫುಡ್ ಕೂಡಿಸಿದರೆ ಮುಂದಿನ ಹಂತ, ಫ್ಯೂಡಲ್ ಏಜ್. ಅದರಲ್ಲಿ 11 ಒತ್ತಿ ಎಂಟರ್ ಹೊಡೆದರೆ ಆಡುತ್ತಿದ್ದವರೆಲ್ಲರ ಕಂಪ್ಯೂಟರಿನಲ್ಲೂ ಒಂದು ದೊಡ್ಡ ನಗು ಕೇಳುತ್ತಿತ್ತು. ನೀನು ನನ್ನ ಗೋಡೆ ಒಡೆದ ತಕ್ಷಣ ಅದನ್ನೇ ಒತ್ತುತ್ತಿದ್ದೆ. ಕಾರಿಡಾರಿನ ಉದ್ದಕ್ಕೂ ಒಂದೊಂದು ರೂಮಿನಿಂದ ಆ ನಗು ಬರುತ್ತಿತ್ತು. ಅದರ ಹಿಂದೆಯೇ ನಿನ್ನ ನಿಜವಾದ ನಗು, ಗೋಡೆಯಾಚೆಯಿಂದ.

ಈಗ 2009ಕ್ಕೆ ಬರುತ್ತೇನೆ. ‘ಟೈಮ್ ಇಲ್ಲ’ ಅನ್ನುವ ಮಾತನ್ನು ನಾನು ನಂಬದೇ ಇರುವುದು ಆ ವರ್ಷದಿಂದ. ಇಂಜಿನಿಯರಿಂಗ್ ಮುಗಿದಿತ್ತು, ಕ್ಯಾಂಪಸ್ಸಿನಲ್ಲೇ ಕೆಲಸವೂ ಸಿಕ್ಕಿತ್ತು. ಅಮೆರಿಕದ ಬ್ಯಾಂಕುಗಳಿಗೆ ಬಿದ್ದ ಏಟು ಇಲ್ಲಿಯವರೆಗೂ ತಟ್ಟಿ, ಕಂಪನಿಗಳು ಜಾಯ್ನಿಂಗ್ ಡೇಟನ್ನು ಮುಂದೂಡುತ್ತಾ ಹೋದವು. ನೀನು ಶಿವಮೊಗ್ಗದಲ್ಲಿ ಉಳಿದೆ. ನಮ್ಮಪ್ಪನಿಗೆ ತೀರ್ಥಹಳ್ಳಿಗೆ ಟ್ರಾನ್ಸ್‌ಫರ್ ಆಗಿತ್ತು, ನಾನು ಅಲ್ಲಿ. ಹಾಸ್ಟೆಲಿನ ಅದೇ ಕಂಪ್ಯೂಟರ್, ಅದೇ ಗೇಮ್. ಬೆಳಿಗ್ಗೆಯಿಂದ ರಾತ್ರಿವರೆಗೆ ಮಾಡಲು ಏನೂ ಇಲ್ಲ. ಅಷ್ಟು ಬಿಡುವು ಜೀವನದಲ್ಲಿ ಮತ್ತೆ ಸಿಕ್ಕಿಲ್ಲ. ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಹಾರ್ಡೆಸ್ಟ್ ಲೆವೆಲ್ ಇಟ್ಟು ಆಡಿದೆ, ಗೆದ್ದೆ. ಗೆದ್ದಿದ್ದನ್ನು ಹೇಳಿಕೊಳ್ಳಲು ಪಕ್ಕದ ರೂಮಿನಲ್ಲಿ ಯಾರೂ ಇರಲಿಲ್ಲ. ಸೋತ ಕಂಪ್ಯೂಟರ್ ಮುಖ ಊದಿಸಿಕೊಳ್ಳುವುದಿಲ್ಲ, ಮಾರನೇ ದಿನ ಮೆಸ್ಸಿನಲ್ಲಿ ‘ನೀನು ಮೋಸ ಮಾಡಿದೆ’ ಅಂತ ಜಗಳಕ್ಕೂ ಬರುವುದಿಲ್ಲ. ಕೆಲವೇ ವಾರಕ್ಕೆ ಆಟ ನಿಂತುಹೋಯಿತು. ಸಾಂಬಾರಿಲ್ಲದೆ ಬರೀ ಅನ್ನ ಎಷ್ಟು ದಿನ ಉಣ್ಣುತ್ತೀಯ ಹೇಳು.

ಬೆಂಗಳೂರಿಗೆ ಬಂದ ಮೇಲಿನದು ನಿನಗೂ ಗೊತ್ತಿರುವುದೇ. ಪಿಜಿ, ಔಟರ್ ರಿಂಗ್ ರೋಡಿನ ಟ್ರಾಫಿಕ್, ಆಫೀಸಿನ ಲ್ಯಾಪ್‌ಟಾಪ್. ಸಂಬಳ ಚೆನ್ನಾಗಿ ಬರತೊಡಗಿದ ಮೇಲೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. 2015ರಲ್ಲಿ ಜಿಟಿಎ 5 ಅನ್ನುವ ಉದ್ದ ಕಥೆಯ ಗೇಮ್ ಪಿಸಿಗೆ ಬಂದಾಗ ಅದನ್ನೂ ಕೊಂಡೆ. ಆದರೆ ಇಂಥ ಗೇಮ್‌ಗಳಿಗೆ ಒಂದು ಗುಣ ಇದೆ: ಎರಡು ವಾರ ಮುಟ್ಟದೆ ಬಿಟ್ಟು ಮತ್ತೆ ಕೂತರೆ ಯಾವ ಬಟನ್ ಯಾವುದಕ್ಕೆ ಅನ್ನುವುದೇ ಮರೆತಿರುತ್ತದೆ. ಕಥೆ ಎಲ್ಲಿಗೆ ಬಂದಿತ್ತು, ಯಾರ ಹತ್ತಿರ ಏನು ತರಬೇಕಿತ್ತು, ಒಂದೂ ಗೊತ್ತಾಗುವುದಿಲ್ಲ. ಕೆಲಸ ಮಾಡುವವರಿಗೆ ಬಿಡುವು ಸಿಗುವುದೇ ತುಂಡುತುಂಡಾಗಿ. ಹಾಗಾಗಿ ಅಂಥ ಗೇಮ್ ಅರ್ಧಕ್ಕೇ ನಿಂತದ್ದಕ್ಕೆ ಕಾರಣ ಟೈಮೇ ಅಂತ ಒಪ್ಪಿಕೊಳ್ಳುತ್ತೇನೆ. ಒಬ್ಬನೇ ಆಡುವ ಗೇಮಿಗೆ ಮಾತ್ರ ಆ ಲೆಕ್ಕ.

ಯಾಕೆಂದರೆ ಪಬ್‌ಜಿ ಬಂದಾಗ ಏನಾಯಿತು ನೋಡು. ಆಗ ನಮಗೆ ಟೈಮ್ ಇನ್ನೂ ಕಡಿಮೆ ಇತ್ತು. ಆದರೂ ರಾತ್ರಿ ಹತ್ತಾದರೆ ನಾಲ್ಕು ಜನ ಸೇರುತ್ತಿದ್ದೆವು. ಆ ಗೇಮಿನ ಪೊಚಿಂಕಿ ಅನ್ನುವ ಊರಿನಲ್ಲಿ ಇಳಿದು ಮನೆಮನೆ ಹುಡುಕುತ್ತಾ ಮಾತಾಡುತ್ತಿದ್ದದ್ದೆಲ್ಲ ಮ್ಯಾನೇಜರ್ ಬಗ್ಗೆ, ಮನೆ ಬಾಡಿಗೆ ಬಗ್ಗೆ, ನಿನ್ನ ವೀಸಾ ಬಗ್ಗೆ. ನಿಮ್ಮಪ್ಪನಿಗೆ ಆಪರೇಷನ್ ಅನ್ನುವುದನ್ನು ನೀನು ಮೊದಲು ಹೇಳಿದ್ದೂ ಅಲ್ಲೇ. ಆ ಮ್ಯಾಚ್ ಮುಗಿಯುವ ತನಕ ನಮ್ಮಲ್ಲಿ ಯಾರೂ ಗುಂಡು ಹಾರಿಸಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಆ ಆ್ಯಪ್ ನಿಲ್ಲಿಸಿತು. ಮರುವರ್ಷ ಅದು ಬೇರೆ ಹೆಸರಿನಲ್ಲಿ ಬರುವಷ್ಟರಲ್ಲಿ ನೀನು ಡಲ್ಲಾಸಿನಲ್ಲಿದ್ದೆ, ಇಲ್ಲಿ ನನ್ನ ಮಗಳು ರಾತ್ರಿಯೆಲ್ಲ ಎದ್ದಿರುತ್ತಿದ್ದಳು.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ: ಆಡುತ್ತಿಲ್ಲ, ಆದರೆ ಬಿಟ್ಟಿಲ್ಲ. ನನಗೆ ಬೇಕಿರುವುದು ಹೊಸ ಗೇಮ್ ಅಲ್ಲ. ಆಚೆ ಕಡೆ ನೀನು ಕೂತಿರಬೇಕು, ಅಷ್ಟೇ.

ನಮ್ಮ ಏಜ್ ಆಫ್ ಎಂಪೈರ್ಸ್ ಇನ್ನೂ ಬದುಕಿದೆ, ಗೊತ್ತಾ? 2019ರಲ್ಲಿ ಡೆಫಿನಿಟಿವ್ ಎಡಿಶನ್ ಅಂತ ಹೊಸದಾಗಿ ಮಾಡಿದರು. 2022ರಲ್ಲಿ ಭಾರತದ್ದೇ ಒಂದು ಎಕ್ಸ್‌ಪಾನ್ಶನ್ ಬಂತು. ಅದರಲ್ಲಿ ದ್ರಾವಿಡಿಯನ್ಸ್ ಇದ್ದಾರೆ, ಹಳ್ಳಿಗರು ತಮಿಳು ಮಾತಾಡುತ್ತಾರೆ, ಬಳುಕುವ ಕತ್ತಿ ಉರುಮಿಯನ್ನು ಬೀಸುವ ಸೈನಿಕರಿದ್ದಾರೆ, ರಾಜೇಂದ್ರ ಚೋಳನ ಕಥೆಯನ್ನೂ ಆಡಬಹುದು. ಮುಂದೊಂದು ದಿನ ಕಲ್ಯಾಣದ ಚಾಲುಕ್ಯರ ಕಡೆಯಿಂದಲೂ ಆಡುವ ಹಾಗೆ ಆಗಲಿ ಅಂತ ನನ್ನ ಆಸೆ.

ಶನಿವಾರ ರಾತ್ರಿ ಒಂಬತ್ತಕ್ಕೆ ಮಗಳು ಮಲಗುತ್ತಾಳೆ. ನಿನಗೆ ಆಗ ಬೆಳಿಗ್ಗೆ ಹತ್ತೂವರೆ. ತಿಂಡಿ ಮುಗಿಸಿ ಕೂರು. ಸಂಜೆಗೆ ಏನಾದರೂ ಕಾರ್ಯಕ್ರಮ ಇದ್ದರೂ ಅಡ್ಡಿಯಿಲ್ಲ, ಒಂದೇ ಮ್ಯಾಚ್ ಸಾಕು. ಹಾಸ್ಟೆಲಿನ ನಿಯಮವೇ ಇರಲಿ: ಮೊದಲ 20 ನಿಮಿಷ ಯಾರೂ ಅಟ್ಯಾಕ್ ಮಾಡುವಂತಿಲ್ಲ.

ಇಂತಿ ನಿನ್ನ,
ಪಕ್ಕದ ರೂಮಿನವನು