ಪ್ರೇಕ್ಷಕನಿಗೆ ಮೊದಲು ಒಂದು ಆಸೆ ಕೊಡು

ಪ್ರೀತಿಯ ಗೆಳತಿಗೆ,

ನಿನ್ನ ಚಿತ್ರಕಥೆಯನ್ನು ಕೂತ ಪಟ್ಟಿಗೇ ಓದಿ ಮುಗಿಸಿದೆ. ನಿನಗೆ ಮಾತು ಕಟ್ಟುವುದು ಗೊತ್ತು. ದೃಶ್ಯ ಕಣ್ಣಿಗೆ ಕಾಣುವ ಹಾಗೆ ಬರೆಯುವುದೂ ಗೊತ್ತು. ಆದರೂ ಓದಿದವರು ಯಾರೂ ನಿನ್ನ ಖಳನನ್ನು ದ್ವೇಷಿಸುತ್ತಿಲ್ಲ, ನಿನ್ನ ಪ್ರೇಮಿಗಳನ್ನು ಹಚ್ಚಿಕೊಳ್ಳುತ್ತಿಲ್ಲ ಅಂತ ಬರೆದಿದ್ದೀಯ. ಅವನು ಮುದುಕನನ್ನು ನಡುಬೀದಿಯಲ್ಲಿ ಒದೆಯುತ್ತಾನೆ, ಮನೆಗೆ ಬೆಂಕಿ ಇಡುತ್ತಾನೆ, ಗಹಗಹಿಸಿ ನಗುತ್ತಾನೆ. ಅವರಿಬ್ಬರು ಮಳೆಯಲ್ಲಿ ನಿಂತು ಒಂದೂವರೆ ಪುಟ ಮಾತಾಡುತ್ತಾರೆ. ಓದುವವರಿಗೆ ಮಾತ್ರ ಏನೂ ಆಗುವುದಿಲ್ಲ. ಯಾಕೆ ಅಂತ ಕೇಳಿದ್ದೀಯ.

ನನಗೆ ಕಾಣುವ ಕಾರಣ ಒಂದೇ. ಪಾತ್ರಗಳಿಗೆ ನೀನು ಬೇಕಾದಷ್ಟು ಭಾವನೆ ಕೊಟ್ಟಿದ್ದೀಯ. ನೋಡುವವನಿಗೆ ಬಯಸಲು ಏನನ್ನೂ ಬಿಟ್ಟಿಲ್ಲ. ಕತ್ತಲಲ್ಲಿ ಕೂತ ಮನುಷ್ಯ ಮೊದಲು ಏನನ್ನಾದರೂ ಬಯಸಬೇಕು. 'ಇದೊಂದು ಆಗಿಬಿಡಲಿ' ಅಂತ ಅವನ ಮನಸ್ಸು ಒಳಗೊಳಗೇ ಹೇಳಬೇಕು. ಆ ಆಸೆಗೆ ಅಡ್ಡ ಬಂದವರ ಮೇಲೆ ದ್ವೇಷ ಹುಟ್ಟುತ್ತದೆ. ಕಷ್ಟಪಟ್ಟಾದರೂ ಅದನ್ನು ನಡೆಸಿಕೊಟ್ಟವರ ಮೇಲೆ ಪ್ರೀತಿ ಹುಟ್ಟುತ್ತದೆ. ಆಸೆ ದೊಡ್ಡದಿರಬೇಕು ಅಂತೇನೂ ಇಲ್ಲ. ಚಿಕ್ಕದಾದಷ್ಟೂ ಒಳ್ಳೆಯದು ಅಂತ ನನ್ನ ನಂಬಿಕೆ.

1975ರ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' ಚಿತ್ರವನ್ನು ಇನ್ನೊಮ್ಮೆ ನೋಡು. ಮಾನಸಿಕ ಆಸ್ಪತ್ರೆಯ ಒಂದು ವಾರ್ಡು. ಅಲ್ಲಿಯ ನರ್ಸ್ ರಾಚೆಡ್ ಸಿನಿಮಾ ಲೋಕದಲ್ಲೇ ಜನ ಅತಿ ಹೆಚ್ಚು ದ್ವೇಷಿಸಿದ ಪಾತ್ರಗಳಲ್ಲಿ ಒಬ್ಬಳು. ಅವಳು ಯಾರಿಗೂ ಒದೆಯುವುದಿಲ್ಲ. ದನಿ ಏರಿಸುವುದೂ ಅಪರೂಪ. ಹೊಸದಾಗಿ ಬಂದ ರೋಗಿ ಮ್ಯಾಕ್‌ಮರ್ಫಿಗೆ ಟೀವಿಯಲ್ಲಿ ಬೇಸ್‌ಬಾಲ್ ಪಂದ್ಯ ನೋಡಬೇಕು. ಅಷ್ಟೇ ಆಸೆ. ಅವನು ಮತಕ್ಕೆ ಹಾಕಿಸುತ್ತಾನೆ. ಗುಂಪಿನ ಒಂಬತ್ತು ಜನರೂ ಕೈ ಎತ್ತುತ್ತಾರೆ. ಆಗ ನರ್ಸ್ ಶಾಂತವಾಗಿ ಹೇಳುತ್ತಾಳೆ, ವಾರ್ಡಿನಲ್ಲಿ ಇರುವವರು 18 ಜನ, ಬಹುಮತ ಬೇಕು. ಉಳಿದವರಿಗೆ ಮತ ಅಂದರೇನು ಅಂತಲೇ ತಿಳಿಯದು. ಅವನು ಒಬ್ಬೊಬ್ಬರ ಮುಂದೆ ಹೋಗಿ ಅಂಗಲಾಚುತ್ತಾನೆ. ಕೊನೆಗೆ ಕಿವುಡ, ಮೂಗ ಅಂತ ಎಲ್ಲರೂ ನಂಬಿರುವ ಚೀಫ್ ಎಂಬ ರೋಗಿ ನಿಧಾನವಾಗಿ ಕೈ ಎತ್ತುತ್ತಾನೆ. ಹತ್ತನೆಯ ಕೈ! ನಾವು ಕುರ್ಚಿಯ ತುದಿಗೆ ಬಂದಿರುತ್ತೇವೆ. ಅವಳು ಹೇಳುತ್ತಾಳೆ, ಸಭೆ ಆಗಲೇ ಮುಗಿದಿತ್ತು, ಈ ಮತ ಲೆಕ್ಕಕ್ಕಿಲ್ಲ.

ಒಂದು ಆಟ ನೋಡುವ ವಿಷಯ ಇದು. ಯಾರೂ ಸಾಯುವುದಿಲ್ಲ, ರಕ್ತ ಸುರಿಯುವುದಿಲ್ಲ. ಆದರೂ ಮೈ ಉರಿಯುತ್ತದೆ. ನಿಯಮ ಅವಳ ಕಡೆ ಇದೆ, ಮರ್ಯಾದೆಯ ಮಾತೂ ಅವಳ ಕಡೆ ಇದೆ. ಎದುರು ನಿಂತವನಿಗೆ ತಿರುಗಿ ಹೇಳಲು ಏನೂ ಉಳಿದಿಲ್ಲ. ಇಂಥವರನ್ನು ನಾವೆಲ್ಲ ಜೀವನದಲ್ಲಿ ಕಂಡಿದ್ದೇವೆ, ಅಲ್ವಾ? ಮನೆಗೆ ಬೆಂಕಿ ಇಟ್ಟವನನ್ನು ಕಂಡವರು ಕಡಿಮೆ. ನಗುನಗುತ್ತಾ 'ಸಮಯ ಮುಗಿಯಿತು' ಅಂದವರನ್ನು ಕಾಣದವರೇ ಇಲ್ಲ.

ಅದೇ ಚಿತ್ರದಲ್ಲಿ ಬಿಲ್ಲಿ ಎಂಬ ತೊದಲುವ ಹುಡುಗ ಇದ್ದಾನೆ. ಕೊನೆಗೆ, ಒಂದು ರಾತ್ರಿ ಹುಡುಗಿಯೊಬ್ಬಳ ಜೊತೆ ಕಳೆದು, ಬೆಳಿಗ್ಗೆ ಅವನು ತೊದಲದೆ ಮಾತಾಡುತ್ತಾನೆ. ನಮಗೆ ಎಷ್ಟು ಖುಷಿಯಾಗುತ್ತದೆ ಅಂದರೆ, ಅವನು ಹೀಗೇ ಇರಲಿ ಅಂತ ಮನಸ್ಸು ಬೇಡಿಕೊಳ್ಳುತ್ತದೆ. ನರ್ಸ್ ಅವನ ತಾಯಿಯ ಹೆಸರು ಎತ್ತುತ್ತಾಳೆ. ವಿಷಯ ಅವಳಿಗೆ ಗೊತ್ತಾದರೆ ಹೇಗೆ ಅನ್ನುತ್ತಾಳೆ. ತೊದಲು ವಾಪಸ್ ಬಂದುಬಿಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಆ ಹುಡುಗ ಪ್ರಾಣ ಕಳೆದುಕೊಳ್ಳುತ್ತಾನೆ. ಮ್ಯಾಕ್‌ಮರ್ಫಿ ನರ್ಸ್‌ಳ ಕತ್ತು ಹಿಸುಕಲು ಹೋದಾಗ, ಒಂದು ಇರುವೆಯನ್ನೂ ಕೊಲ್ಲದ ಜನ ಕೂಡ ಅವನ ಕೈ ಬಿಡಿಸಬೇಡಿ ಅಂತ ಬಯಸುತ್ತಾರೆ. ಈ ಶಕ್ತಿ ನನಗೆ ಸ್ವಲ್ಪ ಭಯ ಹುಟ್ಟಿಸುತ್ತದೆ. ನಿನಗೂ ಹುಟ್ಟಿಸಲಿ. ದ್ವೇಷ ಹುಟ್ಟಿಸುವುದನ್ನು ಕಲಿತ ಬರಹಗಾರ ಅದನ್ನು ಯಾರ ಕಡೆ ತಿರುಗಿಸುತ್ತಿದ್ದೇನೆ ಅಂತ ಪ್ರತಿ ಪುಟದಲ್ಲೂ ಕೇಳಿಕೊಳ್ಳಬೇಕು.

ಲೂಯಿಸ್ ಫ್ಲೆಚರ್ ನರ್ಸ್ ರಾಚೆಡ್ ಪಾತ್ರಕ್ಕೆ ಶ್ರೇಷ್ಠ ನಟಿಯ ಆಸ್ಕರ್ ಪಡೆದಳು. ಅವಳ ಅಭಿನಯ ದೊಡ್ಡದು, ನಿಜ. ಆದರೆ ಹತ್ತನೆಯ ಕೈ ತಡವಾಗಿ ಏಳಬೇಕು ಅಂತ ತೀರ್ಮಾನಿಸಿದ್ದು ಬರವಣಿಗೆ. ನಿನ್ನ ಕೆಲಸ ಇರುವುದು ಅಲ್ಲಿ.

ಈಗ ಪ್ರೀತಿಯ ಕಡೆ ಬರೋಣ. 1942ರ 'ಕ್ಯಾಸಾಬ್ಲಾಂಕಾ'ದಲ್ಲಿ ಹಂಫ್ರಿ ಬೋಗಾರ್ಟ್ ಮಾಡಿದ ರಿಕ್, ಯಾರ ತಂಟೆಗೂ ಹೋಗದವನು. ನಾನು ಯಾರಿಗಾಗಿಯೂ ಕತ್ತು ಕೊಡುವುದಿಲ್ಲ ಅಂತ ಹೇಳಿಕೊಂಡೇ ಬದುಕುತ್ತಾನೆ. ಅವನ ಕೆಫೆಯಲ್ಲಿ ನಾಜಿ ಅಧಿಕಾರಿಗಳು ಗಟ್ಟಿಯಾಗಿ ತಮ್ಮ ಹಾಡು ಹಾಡುತ್ತಿದ್ದಾರೆ. ದೇಶ ಕಳೆದುಕೊಂಡವರು ಸುತ್ತ ಸುಮ್ಮನೆ ಕೂತಿದ್ದಾರೆ. ನಾಜಿಗಳ ವಿರುದ್ಧ ಹೋರಾಡುವ ವಿಕ್ಟರ್ ಲಾಸ್ಲೋ ನೇರವಾಗಿ ವಾದ್ಯದವರ ಬಳಿ ಹೋಗಿ ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ವಾದ್ಯದವರು ಮಾಲೀಕನ ಮುಖ ನೋಡುತ್ತಾರೆ. ರಿಕ್ ಸಣ್ಣಗೆ ತಲೆಯಾಡಿಸುತ್ತಾನೆ.

ಆ ತಲೆಯಾಡಿಸುವಿಕೆ ಒಂದೆರಡು ಕ್ಷಣದ್ದು. ಆ ಕ್ಷಣದಿಂದ ರಿಕ್ ನಮ್ಮವನಾಗುತ್ತಾನೆ. ನಮ್ಮ ಆಸೆ ಅವನ ಕೈಯಲ್ಲಿತ್ತು, ಅದಕ್ಕೆ ಬೆಲೆ ಇತ್ತು, ಅವನು ಕೊಟ್ಟ. ಹಾಡು ಮುಗಿದ ಮೇಲೆ ನಾಜಿ ಮೇಜರ್ ಸ್ಟ್ರಾಸರ್ ಕೆಫೆಯನ್ನೇ ಮುಚ್ಚಿಸುತ್ತಾನೆ. ಆ ಬೆಲೆ ಪರದೆಯ ಮೇಲೆ ಕಾಣುವುದು ಮುಖ್ಯ. ಬೆಲೆ ಇಲ್ಲದ ಒಳ್ಳೆಯತನವನ್ನು ನಾವು ಮೆಚ್ಚುತ್ತೇವೆ, ಹಚ್ಚಿಕೊಳ್ಳುವುದಿಲ್ಲ.

ಇದೇ ದೃಶ್ಯದಲ್ಲಿ ಕಣ್ಣೀರು ತುಂಬಿಕೊಂಡು ಹಾಡುವ ಯುವತಿ ಇದ್ದಾಳೆ, ಇವೋನ್. ಅದೇ ಸಂಜೆ ಜರ್ಮನ್ ಸೈನಿಕನ ತೋಳು ಹಿಡಿದು ಬಂದವಳು ಅವಳೇ. ಆ ಪಾತ್ರ ಮಾಡಿದ ಮೇಡ್ಲೀನ್ ಲೆಬೋ ನಿಜವಾಗಿಯೂ ಫ್ರಾನ್ಸ್ ಬಿಟ್ಟು ಓಡಿಬಂದವಳು. ನಾಜಿ ಮೇಜರ್ ಆಗಿ ನಮ್ಮ ದ್ವೇಷವನ್ನೆಲ್ಲ ಮೈಮೇಲೆ ಎಳೆದುಕೊಂಡ ಕಾನ್ರಾಡ್ ಫೈಟ್ ಕೂಡ ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟು ಹೋದವನು. ಅವನ ಹೆಂಡತಿ ಯಹೂದಿ. ಯಾರಿಂದ ತಪ್ಪಿಸಿಕೊಂಡನೋ ಅವರ ವೇಷವನ್ನೇ ತೊಟ್ಟು, ಅದನ್ನು ಒಂಚೂರೂ ಮೃದು ಮಾಡದೆ ನಟಿಸಿದ. ಇದನ್ನು ನೆನೆದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಕೆಲವು ಸಲ ಆಸೆ ಈಡೇರದೇ ಇದ್ದಾಗಲೂ ಪ್ರೀತಿ ಹುಟ್ಟುತ್ತದೆ. 'ಬಂಗಾರದ ಮನುಷ್ಯ' ನಮ್ಮಲ್ಲಿ ಎಲ್ಲರಿಗೂ ಗೊತ್ತು. ರಾಜೀವ ತಾನೇ ಸಾಕಿ ಬೆಳೆಸಿದ ಅಕ್ಕನ ಮಗ, ಅವನನ್ನೇ ಅನುಮಾನಿಸಿ ಮಾತಾಡುತ್ತಾನೆ. ಒಂದೇ ಒಂದು ಮಾತು ತಿರುಗಿ ಹೇಳಪ್ಪ ಅಂತ ನಮ್ಮ ಜೀವ ಒದ್ದಾಡುತ್ತದೆ. ರಾಜೀವ ಹೇಳುವುದಿಲ್ಲ, ಎಲ್ಲ ಬಿಟ್ಟು ನಡೆದುಬಿಡುತ್ತಾನೆ. ನಾವು ಬಯಸಿದ್ದು ಸಿಗಲಿಲ್ಲ, ಆದರೆ ನಾವು ಬಯಸಿದ್ದಕ್ಕಿಂತ ದೊಡ್ಡದೇನೋ ಅವನಲ್ಲಿ ಕಂಡಿತು. 1972ರಿಂದ ಜನ ಆ ಬೆನ್ನನ್ನು ಮರೆತಿಲ್ಲ.

'ಪಥೇರ್ ಪಾಂಚಾಲಿ'ಯ ಹರಿಹರ ಊರಿಗೆ ಮರಳುವ ದೃಶ್ಯದಲ್ಲಿ ಆಸೆ ಇನ್ನೂ ವಿಚಿತ್ರವಾಗಿ ಕೆಲಸ ಮಾಡುತ್ತದೆ. ಮಗಳು ದುರ್ಗಾ ತೀರಿಹೋಗಿದ್ದು ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅವನು ತಂದಿದ್ದನ್ನು ಉತ್ಸಾಹದಿಂದ ಒಂದೊಂದಾಗಿ ತೆಗೆದು ಹೆಂಡತಿಗೆ ತೋರಿಸುತ್ತಾನೆ. ಸಾಕು, ಇನ್ನು ತೆಗೆಯಬೇಡ ಅಂತ ನಾವು ಬೇಡಿಕೊಳ್ಳುತ್ತೇವೆ. ಅವನು ದುರ್ಗಾಳಿಗೆ ತಂದ ಸೀರೆ ತೆಗೆಯುತ್ತಾನೆ. ಸರ್ಬಜಯಾ ಕುಸಿಯುತ್ತಾಳೆ. ಅವಳ ಅಳುವಿನ ದನಿಯನ್ನು ಸತ್ಯಜಿತ್ ರಾಯ್ ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶೆಹನಾಯಿ ಎಂಬ ತಂತಿವಾದ್ಯ ಏರುದನಿಯಲ್ಲಿ ಕೂಗುತ್ತದೆ. ನಿನ್ನ ಚಿತ್ರಕಥೆಯಲ್ಲಿ ತಾಯಿ ಅಳುವ ಕಡೆಯೆಲ್ಲ 'ಗಟ್ಟಿಯಾಗಿ ಅಳುತ್ತಾಳೆ' ಅಂತ ಬರೆದಿದ್ದೀಯ. ಅವಳು ಅಷ್ಟೂ ಅತ್ತುಬಿಟ್ಟರೆ ನಮ್ಮ ಪಾಲಿಗೆ ಏನು ಉಳಿಯುತ್ತದೆ?

ಒಂದು ಎಚ್ಚರಿಕೆ. ಈ ಆಸೆ ಎಂಬುದು ನ್ಯಾಯ, ಅನ್ಯಾಯ ನೋಡುವುದಿಲ್ಲ. 1960ರ 'ಸೈಕೋ'ದಲ್ಲಿ ನಾವು ಹಿಂಬಾಲಿಸಿದ ಹೆಣ್ಣುಮಗಳ ಕೊಲೆಯಾಗಿದೆ. ಅವಳು ತಂಗಿದ್ದ ವಸತಿಗೃಹದ ನಾರ್ಮನ್, ಅವಳ ಶವವನ್ನು ಕಾರಿನಲ್ಲಿಟ್ಟು ಕೆಸರುಗುಂಡಿಗೆ ತಳ್ಳುತ್ತಾನೆ. ಕಾರು ಮುಳುಗುತ್ತಾ ಮುಳುಗುತ್ತಾ ಅರ್ಧದಲ್ಲಿ ನಿಂತುಬಿಡುತ್ತದೆ. ಅವನ ಮುಖ ಬಿಗಿಯಾಗುತ್ತದೆ. ನಮ್ಮ ಉಸಿರೂ ನಿಲ್ಲುತ್ತದೆ. ಆಮೇಲೆ ಕಾರು ಪೂರ್ತಿ ಮುಳುಗಿದಾಗ ನಮಗೆ ಸಮಾಧಾನ! ಕೊಲೆಯ ಸಾಕ್ಷಿ ಅಳಿಸಿಹೋಗಲಿ ಅಂತ ನಾವು ಬಯಸಿದೆವು. ಶ್ರದ್ಧೆಯಿಂದ ಒಂದು ಕೆಲಸ ಮಾಡುತ್ತಿರುವವನನ್ನು ಸ್ವಲ್ಪ ಹೊತ್ತು ಬಿಡದೆ ನೋಡಿದರೆ ಸಾಕು, ನಾವು ಅವನ ಪಕ್ಷ ಸೇರಿಬಿಡುತ್ತೇವೆ. ನಿರ್ದೇಶಕ ಹಿಚ್‌ಕಾಕ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ನಿನ್ನ ಖಳನನ್ನು ಒಂದು ಪುಟ ಸುಮ್ನೆ ಕೆಲಸ ಮಾಡಲು ಬಿಡು, ಏನಾಗುತ್ತದೆ ನೋಡು.

ಇನ್ನೊಂದು ಬಗೆಯ ದ್ವೇಷವೂ ಇದೆ. ಅದು ಪಾತ್ರದ ಮೇಲಲ್ಲ, ದೃಶ್ಯ ಮಾಡಿದವರ ಮೇಲೆ. 1960ರ ಇಟಾಲಿಯನ್ ಚಿತ್ರ 'ಕಾಪೋ' ನಾಜಿ ಶಿಬಿರದ ಕಥೆ. ಅದರಲ್ಲಿ ಒಬ್ಬ ಕೈದಿ ಹೆಂಗಸು ವಿದ್ಯುತ್ ಹರಿಯುವ ತಂತಿಬೇಲಿಗೆ ಬಿದ್ದು ಸಾಯುತ್ತಾಳೆ. ಆಗ ಕ್ಯಾಮೆರಾ ಮುಂದಕ್ಕೆ ಚಲಿಸಿ, ಅವಳ ಶವವನ್ನು ಚೌಕಟ್ಟಿನಲ್ಲಿ ಅಂದವಾಗಿ ಕೂರಿಸುತ್ತದೆ. ಮರುವರ್ಷ ಫ್ರೆಂಚ್ ವಿಮರ್ಶಕ ಜಾಕ್ ರಿವೆಟ್, ಆ ಕ್ಷಣದಲ್ಲಿ ಕ್ಯಾಮೆರಾ ಮುಂದೆ ತಳ್ಳಲು ನಿರ್ಧರಿಸಿದ ಮನುಷ್ಯನ ಬಗ್ಗೆ ತನಗೆ ಇರುವುದು ತೀರಾ ತಿರಸ್ಕಾರ ಮಾತ್ರ ಅಂತ ಬರೆದ. ಆ ಲೇಖನ ಓದಿದ ಸೆರ್ಜ್ ಡಾನೆ ಎಂಬ ಇನ್ನೊಬ್ಬ ವಿಮರ್ಶಕ, ಚಿತ್ರವನ್ನೇ ನೋಡದೆ, ಆ ಮಾತನ್ನು ಬದುಕಿಡೀ ತನ್ನ ಅಳತೆಗೋಲು ಮಾಡಿಕೊಂಡ. ರಿವೆಟ್ ಮಾತು ಅತಿಯಾಯಿತು ಅನ್ನುವವರು ಇದ್ದಾರೆ. ನಾನು ಅವನ ಪಕ್ಷ. ಒಂದು ಸಾವಿನ ಎದುರು ನಮಗೆ ಇದ್ದ ಆಸೆ, ಅವಳು ಬದುಕಲಿ ಅನ್ನುವುದು. ನಿರ್ದೇಶಕನ ಆಸೆ, ಚಿತ್ರ ಚೆನ್ನಾಗಿ ಬರಲಿ ಅನ್ನುವುದು. ಎರಡೂ ಬೇರೆಯಾದದ್ದು ಗೊತ್ತಾದ ಕೂಡಲೇ ಪ್ರೇಕ್ಷಕನಿಗೆ ಮೋಸ ಹೋದೆ ಅನಿಸುತ್ತದೆ. ನಿನ್ನ ಮುದುಕ ಒದೆ ತಿನ್ನುವಾಗ ನೀನು 'ನಿಧಾನಗತಿಯಲ್ಲಿ, ಮಳೆಹನಿಗಳು ಹೊಳೆಯುತ್ತಿರಲು' ಅಂತ ಬರೆದಿದ್ದೀಯ. ಅದನ್ನು ಇವತ್ತೇ ಹೊಡೆದುಹಾಕು.

ನಿನ್ನ ಪುಟಗಳಿಗೆ ಬರುತ್ತೇನೆ. ಮುದುಕನನ್ನು ಒದೆಯುವುದು ಬೇಡ. ಅವನು ಒಂದು ಅರ್ಜಿಗೆ ಸಹಿ ಮಾಡಿಸಲು ಬರಲಿ. ಅರ್ಜಿಯಲ್ಲಿ ಏನಿದೆ ಓದಿ ಅಂತ ಖಳ ಗೌರವದಿಂದಲೇ ಕೇಳಲಿ. ಗಡಿಬಿಡಿಯಲ್ಲಿ ಮುದುಕನ ಕನ್ನಡಕ ಕೆಳಗೆ ಬೀಳಲಿ. ಖಳ ಬಗ್ಗಿ ಎತ್ತಿಕೊಳ್ಳಲಿ, ಗಾಜು ಒರೆಸಲಿ, ಬೆಳಕಿಗೆ ಹಿಡಿದು ನೋಡಲಿ. ಈಗ ನಮಗೆಲ್ಲ ಒಂದೇ ಆಸೆ, ಕನ್ನಡಕ ಆ ಚಾಚಿದ ಕೈಗೆ ಸೇರಲಿ. ಅವನು ಅದನ್ನು ತನ್ನ ಜೇಬಿಗೆ ಇಟ್ಟುಕೊಂಡು 'ನಾಳೆ ಬನ್ನಿ' ಅನ್ನಲಿ. ಇದಕ್ಕಿಂತ ಒಳ್ಳೆಯದು ನಿನಗೇ ಹೊಳೆದರೆ ಅದನ್ನೇ ಬರಿ.

ಪ್ರೇಮಿಗಳ ಒಂದೂವರೆ ಪುಟದಲ್ಲಿ ನನಗೆ ಇಷ್ಟವಾದದ್ದು ಒಂದು ಸಾಲು. ಹುಡುಗ 'ನೀನು ಹೋಗುವ ಬಸ್ಸು ಯಾವುದು?' ಅಂತ ಕೇಳುತ್ತಾನೆ, ಅವನಿಗೆ ಉತ್ತರ ಮೊದಲೇ ಗೊತ್ತು. ಅದಕ್ಕೂ ಮುಂಚೆ, ಅವನು ಅವಳ ಬಸ್ಸಿನ ಸಮಯ ತಿಳಿದುಕೊಳ್ಳುವುದನ್ನು ನಾವು ಒಮ್ಮೆ ನೋಡಿರಬೇಕು. ಆಗ ಉಳಿದ ಮಾತೆಲ್ಲ ತಾನಾಗಿ ಬಿದ್ದುಹೋಗುತ್ತದೆ. ಅವಳು ಬಸ್ಸು ತಪ್ಪಿಸಿಕೊಳ್ಳಬೇಕೋ ಬೇಡವೋ ಎಂಬುದು ನಿನಗೆ ಬಿಟ್ಟದ್ದು. ಆದರೆ ತಪ್ಪಿಸಿಕೊಂಡರೆ ಅದರಿಂದ ಅವಳಿಗೆ ನಷ್ಟ ಆಗಬೇಕು, ಆ ನಷ್ಟ ನಮಗೆ ಮೊದಲೇ ಗೊತ್ತಿರಬೇಕು.

ಈ ಎರಡು ದೃಶ್ಯಗಳನ್ನು ಮಾತ್ರ ತಿದ್ದಿ ಕಳಿಸು. ಇಡೀ ಚಿತ್ರಕಥೆ ಬೇಡ. ಬೆಂಕಿಯ ದೃಶ್ಯವನ್ನು ಈಗ ಮುಟ್ಟಬೇಡ. ಇವೆರಡು ಸರಿಯಾದ ಮೇಲೆ ಅದು ಬೇಕೋ ಬೇಡವೋ ಅಂತ ಕೂತು ಮಾತಾಡೋಣ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ